ದಾರಿ ಬೇರೆಯಾದ ಮೂರು ಬಣ್ಣ

ಎಷ್ಟು ಹಿಂದೆ ಅಂತ ಯಾರೂ ಹೇಳಲಾರದಷ್ಟು ಹಿಂದೆ, ನೇಸರಗಡಿ ಎಂಬ ರಾಜ್ಯವನ್ನು ಎರೆಯರಾಯನೆಂಬ ದೊರೆ ಆಳುತ್ತಿದ್ದ. ಅವನಿಗೆ ಇಬ್ಬರು ಮಕ್ಕಳು. ಹಿರಿಯವಳು ಹರಿಯಲೆ, ಕಿರಿಯವನು ಸೋವಿದೇವ. ರಾಣಿ ತೀರಿಕೊಂಡಾಗ ಸೋವಿದೇವ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿ ಆಡಿಸಿ, ಉಣ್ಣಿಸಿ ಬೆಳೆಸಿದವಳು ಅಕ್ಕ.

ಸೋವಿದೇವನ ಕಾಲು ಒಂದು ಕಡೆ ನಿಂತದ್ದಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಕಿಟಕಿಗೆ ಹೋಗುವನು. ಕುದುರೆ ಹತ್ತಿದರೆ ಎಲ್ಲಿಗೆ ಹೋಗಬೇಕು ಅಂತ ಯೋಚಿಸುವ ಮೊದಲೇ ಊರು ದಾಟಿರುವನು. "ನಿನ್ನ ಅಂಗಾಲಲ್ಲಿ ಇರುವೆ ಗೂಡು ಕಟ್ಟಿದೆ ಕಣೋ" ಎಂದು ಹರಿಯಲೆ ನಗುತ್ತಿದ್ದಳು. ಅವಳು ತಮ್ಮನ ಹಾಗಲ್ಲ. ಸಿಟ್ಟು ಬಂದರೆ ನುಂಗಿಕೊಳ್ಳುವಳು. ಅಳು ಬಂದರೆ ಹಿತ್ತಲಿಗೆ ಹೋಗಿ ಮುಖ ತೊಳೆದು ಬರುವಳು. ಅರಮನೆಯವರೆಲ್ಲ ಅವಳನ್ನು ತಣ್ಣನೆಯ ಮಗಳು ಎಂದು ಹೊಗಳುತ್ತಿದ್ದರು.

ಎರೆಯರಾಯನಿಗೆ ಒಂದು ಭಯವಿತ್ತು. ಗಡಿಯ ಗುಡ್ಡದ ಆಚೆ ಯಾರೋ ದಂಡು ಕೂಡಿಸುತ್ತಿದ್ದಾರೆ, ಇವತ್ತಲ್ಲ ನಾಳೆ ಬಂದೇ ಬರುತ್ತಾರೆ ಎಂಬ ಭಯ. ಅದರ ವಾಸನೆ ಹಿಡಿದು ಕುಹನನೆಂಬ ಮಾಯಾವಿ ಬಂದ. ಅವನ ಎತ್ತಿನ ಗಾಡಿಯಲ್ಲಿ ಹುಲ್ಲಿನ ನಡುವೆ ಒಂದು ಗಾಜು ಇತ್ತು. ಗಾಡಿಯ ಚಕ್ರದಷ್ಟು ಅಗಲ, ನಡುವೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬು, ಅಂಚಿಗೆ ಬರಬರುತ್ತಾ ತೆಳು. ಕುಹನ ಅದನ್ನು ತಾಮ್ರದ ಕೊಳವೆಗೆ ಕೂರಿಸಿ, ಕೋಟೆಯ ಬುರುಜಿನ ಮೇಲೆ ದೊಡ್ಡ ದುರ್ಬೀನು ಮಾಡಿ ನಿಲ್ಲಿಸಿದ.

"ನೋಡಿ ಪ್ರಭು" ಎಂದ.

ಎರೆಯರಾಯ ಕಣ್ಣಿಟ್ಟು ನೋಡಿದ. ದೂರದ ಗುಡ್ಡ ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಗುಡ್ಡದ ನೆತ್ತಿಯ ಉದ್ದಕ್ಕೂ ಕೆಂಪು ಮತ್ತು ನೇರಳೆ ಬಣ್ಣದ ಪಟ್ಟಿಗಳು ಅಲುಗಾಡುತ್ತಿದ್ದವು.

"ಅದು ಏನು?"

"ಶತ್ರುಗಳ ಬಾವುಟ, ಪ್ರಭು. ಅದೇ ಬಣ್ಣ ಈ ಊರಲ್ಲಿ ಯಾರ ಮೈಯಂಚಿನಲ್ಲಿ ಕಂಡರೂ ಅವರು ಆ ಕಡೆಯವರು ಅಂತ ತಿಳಿಯಿರಿ."

ಆವತ್ತಿನಿಂದ ದುರ್ಬೀನು ಗುಡ್ಡದಿಂದ ಊರ ಕಡೆಗೆ ತಿರುಗಿತು. ಬುರುಜಿನ ಕೆಳಗಿನ ಅಂಗಳದಲ್ಲಿ ಜನ ಒಬ್ಬೊಬ್ಬರಾಗಿ ಬಂದು ನಿಲ್ಲಬೇಕು. ಕುಹನ ಕೆಲವರನ್ನು ಗಾಜಿನ ನಡುವಿಗೆ ಸರಿಯಾಗಿ ನಿಲ್ಲಿಸುವನು. ಅವರ ಮೈ ಸ್ವಚ್ಛವಾಗಿ ಕಾಣುವುದು. ಅವನಿಗೆ ಎದುರು ಮಾತಾಡಿದವರನ್ನು ಸ್ವಲ್ಪ ಪಕ್ಕಕ್ಕೆ, ಬೆನ್ನಿಗೆ ಬಿಸಿಲು ಬೀಳುವ ಹಾಗೆ ನಿಲ್ಲಿಸುವನು. ಅವರ ಮೈಯ ಒಂದು ಅಂಚಿಗೆ ಕೆಂಪು, ಇನ್ನೊಂದು ಅಂಚಿಗೆ ನೇರಳೆ ಮೂಡುವುದು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಗಾಜಿಗೆ ಮಾಟವಿತ್ತು. ಕಂಡ ಬಣ್ಣವೂ ಅವುಗಳ ನಡುವಿನ ಹಸಿರೂ ಹಣ್ಣಿನ ಸಿಪ್ಪೆಯ ಹಾಗೆ ಮೈಯಿಂದ ಬಿಚ್ಚಿಕೊಂಡು, ಅವರದೇ ಆಕಾರ ತಾಳಿ, ನೆಲಕ್ಕಿಳಿದು ನಡೆದುಹೋಗುವುದು. ನೇರಳೆಯ ಆಕಾರ ಒಂದು ದಾರಿ, ಹಸಿರಿನದು ಒಂದು ದಾರಿ, ಕೆಂಪಿನದು ಮತ್ತೊಂದು. ಉಳಿದವರು ಬೂದಿಯ ಬಣ್ಣದವರು. ಅವರು ನಗುವುದಿಲ್ಲ, ಅಳುವುದಿಲ್ಲ. ಏನು ಹೇಳಿದರೂ "ಆಗಲಿ" ಅನ್ನುವರು.

ಊರು ಮೆತ್ತಗಾಯಿತು. ಸಂತೆಯಲ್ಲಿ ಚೌಕಾಸಿ ನಿಂತಿತು. ಮದುವೆ ಮನೆಯಲ್ಲಿ ಸೋಬಾನೆ ನಿಂತಿತು. ಎರೆಯರಾಯ ಅದನ್ನು ಶಾಂತಿ ಎಂದುಕೊಂಡ.

ಹರಿಯಲೆಯನ್ನು ಸಾಕಿದ ದಾದಿಯನ್ನೂ ಒಂದು ದಿನ ಅಂಗಳದಲ್ಲಿ ನಿಲ್ಲಿಸಿದರು. ಮರುದಿನ ಬೆಳಗ್ಗೆ ದಾದಿ ಹರಿಯಲೆಯ ತಲೆ ಬಾಚಲು ಬಂದಳು. ಬಾಚಣಿಗೆ ಹಿಡಿದ ಅವಳ ಕೈಯೊಳಗಿಂದ ಆಚೆಯ ಗೋಡೆಯ ಕಲ್ಲು ಕಾಣುತ್ತಿತ್ತು. ಗಾಳಿ ಬೀಸಿದರೆ ಅವಳು ಕಂಬ ಹಿಡಿದುಕೊಳ್ಳುತ್ತಿದ್ದಳು. ಹರಿಯಲೆ ಬಿಚ್ಚಿದ ಕೂದಲಲ್ಲೇ ಎದ್ದು ನೇರ ಬುರುಜಿಗೆ ಹೋದಳು.

"ಅಪ್ಪಾಜಿ, ದೋಷ ಜನರಲ್ಲಿಲ್ಲದೆ ಗಾಜಿನಲ್ಲೇ ಇರಬಹುದಲ್ಲ?" ಎಂದಳು. ಅವಳು ತಂದೆಗೆ ಎದುರಾಡಿದ್ದು ಅದೇ ಮೊದಲು.

ಎರೆಯರಾಯ ತಬ್ಬಿಬ್ಬಾದ. ಕುಹನ ಮಾತ್ರ ನಯವಾಗಿ ನಕ್ಕು, "ಸಂಶಯ ಬಂದದ್ದು ಒಳ್ಳೆಯದೇ. ರಾಜಕುಮಾರಿಯವರೂ ಒಮ್ಮೆ ನಿಲ್ಲಲಿ" ಎಂದ.

ಮಗಳನ್ನು ನೋಡುವ ಧೈರ್ಯ ದೊರೆಗೆ ಇರಲಿಲ್ಲ. ಅವನು ಮಗನಿಗೆ ಹೇಳಿದ. "ಸೋವಿ, ನೀನು ನೋಡಪ್ಪ."

ಹರಿಯಲೆ ಅಂಗಳಕ್ಕೆ ಇಳಿದಳು. "ಸ್ವಲ್ಪ ಎಡಕ್ಕೆ, ತಾಯಿ. ಇನ್ನೂ ಸ್ವಲ್ಪ" ಎಂದು ಕುಹನ ಮೇಲಿನಿಂದ ಕೂಗಿದ. ಬೆಳಗಿನ ಬಿಸಿಲು ಅವಳ ಬೆನ್ನಿಗಿತ್ತು. ಸೋವಿದೇವ ಬಗ್ಗಿ ಕಣ್ಣಿಟ್ಟ. ಅವನಿಗೆ ಅಲ್ಲಿಂದ ಬೇಗ ಎದ್ದರೆ ಸಾಕಾಗಿತ್ತು.

"ಏನು ಕಾಣುತ್ತದೆ?"

"ಬಣ್ಣ" ಎಂದುಬಿಟ್ಟ ಸೋವಿದೇವ.

ಬಾಯಿಂದ ಮಾತು ಬಿದ್ದದ್ದೇ ತಡ, ಅಕ್ಕನ ಮೈಯಿಂದ ಬಣ್ಣ ಬಿಚ್ಚಿತು. ನೇರಳೆಯ ಹರಿಯಲೆ ತಲೆ ತಗ್ಗಿಸಿ ಸಣ್ಣ ಬಾಗಿಲಲ್ಲಿ ಹೊರಟಳು. ಹಸಿರಿನ ಹರಿಯಲೆ ಕೋಟೆಗೋಡೆ ಹಾರಿದಳು. ಕೆಂಪಿನ ಹರಿಯಲೆ ಹೆಬ್ಬಾಗಿಲಿನ ನಡುವೆ ನಡೆದಳು. ಅಡ್ಡ ಬಂದ ಕಾವಲುಗಾರರ ಮೀಸೆ ಸೀದುಹೋಯಿತು. ಅಂಗಳದಲ್ಲಿ ನಿಂತದ್ದು ಬೂದಿಯ ಬಣ್ಣದ ಒಬ್ಬ ಹೆಣ್ಣು. ಸೋವಿದೇವ ಮೆಟ್ಟಿಲು ಹಾರಿ ಇಳಿದು, "ಅಕ್ಕಾ, ಒಳಗೆ ಬಾ" ಎಂದು ಕೈ ಹಿಡಿದ. "ಆಗಲಿ" ಎಂದಳು ಅವಳು.

ಆಮೇಲೆ ಸೋವಿದೇವನಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಅರಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ತೋಟಕ್ಕೆ ಹೋದ, ಬಂದ. ಕೊನೆಗೆ ಕುದುರೆ ಬಿಚ್ಚೋಣವೆಂದು ಲಾಯಕ್ಕೆ ನುಗ್ಗಿದ. ಕುಹನನ ಗಾಡಿ ಎಳೆದು ತಂದಿದ್ದ ಬಿಳಿಯ ಎತ್ತು ಅಲ್ಲೇ ಮೂಲೆಯಲ್ಲಿ ಮೆಲುಕು ಹಾಕುತ್ತಿತ್ತು.

"ಎಲ್ಲಿಗೆ ಹೊರಟೆ?" ಎಂದು ಎತ್ತು ಕೇಳಿತು.

"ಗೊತ್ತಿಲ್ಲ" ಎಂದ ಸೋವಿದೇವ.

"ಗೊತ್ತಿಲ್ಲದಿದ್ದರೆ ಕುದುರೆ ಯಾಕೆ? ಆ ಗಾಜನ್ನು ಎಳೆದು ತಂದವನು ನಾನು. ಅದಕ್ಕೊಂದು ಜೋಡಿ ಇದೆ. ಕುಹನನ ಅಕ್ಕ ಜಕ್ಕವ್ವೆಯ ಹತ್ತಿರ. ನನ್ನ ಹಗ್ಗ ಬಿಚ್ಚಿದರೆ ಕರೆದುಕೊಂಡು ಹೋಗುತ್ತೇನೆ. ಆದರೆ ಒಂದು ಮಾತು, ನಾನು ಓಡುವುದಿಲ್ಲ."

ಸೋವಿದೇವ ಹಗ್ಗ ಬಿಚ್ಚಿ ಎತ್ತಿನ ಮೇಲೆ ಕೂತ. ಎತ್ತು ನಡೆಯಿತು. ಹಾದಿಯಲ್ಲಿ ಹುಲ್ಲು ಕಂಡರೆ ನಿಂತಿತು, ನೀರು ಕಂಡರೆ ಕುಡಿಯಿತು. "ಎತ್ತಣ್ಣ, ಬೇಗ" ಎಂದು ಸೋವಿದೇವ ಗೋಗರೆದ. ಇಳಿದು ಮುಂದೆ ಓಡಿದ, ದಾರಿ ತಿಳಿಯದೆ ಹಿಂದಕ್ಕೆ ಬಂದ, ಮತ್ತೆ ಹತ್ತಿದ. ಎತ್ತು ತನ್ನ ಪಾಡಿಗೆ ತಾನು ನಡೆಯಿತು. ಬೆಳ್ಳನೆಯ ಮರಳಿನ ಹಳ್ಳವೊಂದರ ದಂಡೆಗೆ ಬಂದು ನಿಂತಿತು.

ಅಲ್ಲಿ ತಣ್ಣಗಾದ ಒಂದು ಕುಲುಮೆ, ಅದರ ಪಕ್ಕದಲ್ಲಿ ಒಂದು ಗುಡಿಸಲು. ಬಾಗಿಲಲ್ಲಿ ಕೂತ ಮುದುಕಿ ಅಗಲವಾದ ಗಾಜಿನ ಬೋಗುಣಿಯಿಂದ ಗಂಜಿ ಕುಡಿಯುತ್ತಿದ್ದಳು. ಕುಡಿದು ಉಳಿದದ್ದನ್ನು ಗುಬ್ಬಿಗಳಿಗೆ ಇಟ್ಟಳು. ಸೋವಿದೇವ ನೋಡಿದ. ಬೋಗುಣಿ ಅಲ್ಲ ಅದು. ನಡುವೆ ತಗ್ಗಾಗಿ ಅಂಚಿಗೆ ದಪ್ಪವಾದ ಗಾಜು.

ಅವನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಆ ಮುದುಕಿಯೇ ಜಕ್ಕವ್ವೆ.

"ನಮ್ಮಪ್ಪ ಎರಡು ಗಾಜು ಎರಕ ಹೊಯ್ದ" ಎಂದಳು. "ಒಂದಕ್ಕೆ ಈ ಹಳ್ಳದ ಮರಳು. ಇನ್ನೊಂದಕ್ಕೆ ಮರಳಿನ ಜೊತೆ ಸೀಸ. ಅದು ಭಾರ. ಒಂದು ಉಬ್ಬು, ಒಂದು ತಗ್ಗು. ಅಪ್ಪ ಸತ್ತ ಮೇಲೆ ಕುಹನ ಉಬ್ಬಿನ ಗಾಜು ತನಗೆ ಬೇಕೆಂದು ಎತ್ತಿಕೊಂಡು ಹೋದ. ಅದೇ ಚೆಂದ ಕಾಣುತ್ತದಲ್ಲ. ಆದರೆ ಮಗನೇ, ಬೆಳಕು ಅಂದರೆ ಒಬ್ಬರೇ ಅಲ್ಲ. ಬಯಲಲ್ಲಿ ಎಲ್ಲ ಬಣ್ಣವೂ ಕೈ ಕೈ ಹಿಡಿದು ಬರುತ್ತವೆ. ಗಾಜಿನೊಳಗೆ ಹೊಕ್ಕ ಕೂಡಲೇ ಕೈ ಬಿಡುತ್ತವೆ. ನೇರಳೆ ಬಹಳ ಬಾಗುತ್ತದೆ, ಹತ್ತಿರದಲ್ಲೇ ಬೀಳುತ್ತದೆ. ಹಸಿರು ಅದರಾಚೆ. ಕೆಂಪು ಬಾಗಲು ಒಪ್ಪುವುದಿಲ್ಲ, ದೂರ ಹೋಗುತ್ತದೆ. ಒಂದೇ ಜಾಗದಲ್ಲಿ ಸೇರಬೇಕಾದವು ಮೂರು ಕಡೆ ಬೀಳುತ್ತವೆ. ನೋಡುವವನ ಕಣ್ಣಿಗೆ ಅದು ಅಂಚಿನ ಬಣ್ಣ."

"ಹಾಗಾದರೆ ಅಕ್ಕನ ತಪ್ಪಲ್ಲ?"

"ಅವಳ ತಪ್ಪಲ್ಲ. ದಾರಿ ತಪ್ಪಿದ್ದು ಬೆಳಕು. ದಾರಿ ತಪ್ಪಿಸಿದ್ದು ಗಾಜು. ಈ ತಗ್ಗಿನ ಗಾಜು ಅದೇ ಬಣ್ಣಗಳನ್ನು ತಿರುವುಮುರುವಾಗಿ ಬಾಗಿಸುತ್ತದೆ. ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿದರೆ ಹೋದವು ಮನೆಗೆ ಬರುತ್ತವೆ."

ಸೋವಿದೇವ ಎದ್ದೇಬಿಟ್ಟ. "ಕೊಡವ್ವ, ಈಗಲೇ ಒಯ್ಯುತ್ತೇನೆ."

"ಕೂತುಕೋ. ಹೋದವುಗಳಿಗೆ ಮನೆಯ ದಾರಿ ಮರೆತಿದೆ. ಒಬ್ಬರ ಮೂರು ಬಣ್ಣವನ್ನಾದರೂ ಗಾಜಿನ ಮುಂದೆ ತಂದು ನಿಲ್ಲಿಸಬೇಕು. ಆಗ ಅದಕ್ಕೆ ಕೂಡಿಸುವುದು ನೆನಪಾಗುತ್ತದೆ, ಉಳಿದವರದು ತಾನಾಗಿ ಬರುತ್ತದೆ. ನೀನು ನಿನ್ನ ಅಕ್ಕನನ್ನು ಕರೆದು ತಾ. ಗಾಜನ್ನು ನಾನೇ ತರುತ್ತೇನೆ. ಅಲ್ಲಿರುವವನು ನನ್ನ ತಮ್ಮ."

ಎತ್ತು ಹಿಂದಕ್ಕೆ ತಿರುಗಿತು. ಕೋಟೆಯ ಹೊರಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಹಳೆಯ ಕಲ್ಲಿನ ಪುಷ್ಕರಣಿಯೊಂದಿತ್ತು. ಅದರ ಕೊನೆಯ ಮೆಟ್ಟಿಲಲ್ಲಿ ನೇರಳೆಯ ಹರಿಯಲೆ ಕೂತು ಅಳುತ್ತಿದ್ದಳು. ಬತ್ತಿದ್ದ ಪುಷ್ಕರಣಿ ಅವಳ ಕಣ್ಣೀರಿನಿಂದಲೇ ತುಂಬುತ್ತಿತ್ತು. ಸೋವಿದೇವ ಓಡಿ ಹೋಗಿ ಕೈ ಹಿಡಿದ. ಕೈ ಹೊಗೆಯ ಹಾಗೆ ಜಾರಿತು.

ನೀರಿನಿಂದ ಒಂದು ಆಮೆ ತಲೆಯೆತ್ತಿತು. ಅದರ ಚಿಪ್ಪು ಒಕ್ಕುವ ಕಣದಷ್ಟು ಅಗಲ. "ಅವಳು ಅಳುವುದು ಮುಗಿಯುವವರೆಗೆ ಪಕ್ಕದಲ್ಲಿ ಕೂತವನಿಗೆ ಮಾತ್ರ ಆ ಕೈ ಸಿಗುತ್ತದೆ" ಎಂದಿತು. "ನಡುವೆ ಎದ್ದರೆ ನೀರು ಏರುತ್ತದೆ."

ಸೋವಿದೇವ ಕೂತ. ಕೂತ ಸ್ವಲ್ಪ ಹೊತ್ತಿಗೇ ಕಾಲು ಜುಮುಗುಟ್ಟಿತು. ಅಂಗಾಲು ತುರಿಸಿತು. ಕೋಟೆಯ ಕಡೆ ಏನಾಗುತ್ತಿದೆಯೋ ಎಂದು ನೋಡಲು ಎದ್ದ. ನೀರು ಒಮ್ಮೆಲೇ ಸೊಂಟಕ್ಕೆ ಬಂತು. ಮತ್ತೆ ಕೂತ. ಮತ್ತೆ ಎದ್ದ. ನೀರು ಎದೆಗೆ ಬಂತು. ಮೂರನೆಯ ಸಲ ಕೂತಾಗ ನೀರು ಗಲ್ಲಕ್ಕೆ ತಾಗುತ್ತಿತ್ತು. ಅವನು ಎರಡು ಕೈಯಲ್ಲೂ ಮೆಟ್ಟಿಲಿನ ಕಲ್ಲು ಹಿಡಿದು ಕೂತ.

ಆಗ ಅವಳ ಅಳುವಿನೊಳಗಿನ ಮಾತು ಕೇಳಿಸಿತು. ಅವಳು ಅಮ್ಮನ ಬಗ್ಗೆ ಹೇಳುತ್ತಿದ್ದಳು. ಅಮ್ಮ ಸತ್ತ ದಿನ ತೊಟ್ಟಿಲ ಮಗು ಬೆಚ್ಚಬಾರದೆಂದು ತಾನು ಗಟ್ಟಿಯಾಗಿ ಅಳಲಿಲ್ಲವೆಂದು ಹೇಳುತ್ತಿದ್ದಳು. ಅಮ್ಮನ ಮುಖ ಮರೆತುಹೋಗುತ್ತಿದೆ ಎಂದು ಹೇಳುತ್ತಿದ್ದಳು.

"ಅಕ್ಕಾ, ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ?"

"ಹೇಳುವಷ್ಟು ಹೊತ್ತು ನೀನು ಎಲ್ಲಿ ಕೂತಿದ್ದೆ?" ಎಂದಳು ಅವಳು.

ಅವನೂ ಅತ್ತ. ಇಬ್ಬರೂ ಅತ್ತು ಸುಸ್ತಾದಾಗ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಅವಳೇ ಕೈ ಚಾಚಿದಳು. ಕೈ ತಣ್ಣಗೆ, ಗಟ್ಟಿಯಾಗಿ ಸಿಕ್ಕಿತು.

ನೇರಳೆಯ ಅಕ್ಕನನ್ನು ಎತ್ತಿನ ಮೇಲೆ ಕೂರಿಸಿ, ತಾನು ನಡೆದು, ಸೋವಿದೇವ ಕಾಡಿಗೆ ಬಂದ. ಅಲ್ಲಿ ಕಂಡದ್ದೆಲ್ಲ ಹಸಿರು. ಎಲೆ ಹಸಿರು, ಪಾಚಿ ಹಸಿರು, ಗಿಳಿಗಳು ಹಸಿರು. ಒಂದು ಮತ್ತಿಮರಕ್ಕೆ ಸುತ್ತಿಕೊಂಡಿದ್ದ ಹೆಬ್ಬಾವೂ ಹಸಿರು. "ನಿನ್ನ ಅಕ್ಕ ಇಲ್ಲೇ ಇದ್ದಾಳೆ" ಎಂದಿತು ಹೆಬ್ಬಾವು. "ಮುಟ್ಟಿ ಹಿಡಿ. ಒಂದೇ ಸಲ ಮುಟ್ಟಬೇಕು. ಅವಳಲ್ಲದ್ದನ್ನು ಮುಟ್ಟಿದರೆ ನೀನೂ ಇಲ್ಲಿ ಮರವಾಗುತ್ತೀಯ. ಸುತ್ತ ನೋಡು, ಇವರೆಲ್ಲ ಅವಸರದಲ್ಲಿ ಮುಟ್ಟಿದವರು."

ಸೋವಿದೇವ ಸುತ್ತ ನೋಡಿದ. ಕೆಲವು ಮರಗಳ ಕೊಂಬೆ ಚಾಚಿದ ಕೈಯ ಹಾಗೇ ಇತ್ತು. ಅವನ ಬೆರಳು ನವೆಯಾಡಿತು. ಅಗೋ ಅಲ್ಲಿ ಸೆರಗು ಅಲ್ಲಾಡಿತು ಎಂದು ಕೈ ಎತ್ತಿದ. ಬಾಳೆಯ ಎಲೆ. ಇಗೋ ಇಲ್ಲಿ ಜಡೆ ಎಂದು ಬಗ್ಗಿದ. ಬಳ್ಳಿ. ಎರಡು ಸಲ ಕೂದಲೆಳೆಯ ಅಂತರದಲ್ಲಿ ಕೈ ಹಿಂದಕ್ಕೆ ಎಳೆದುಕೊಂಡ. ಹೀಗಾದರೆ ಮುಗಿಯುವುದಿಲ್ಲವೆಂದು ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತ.

ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಹರಿಯಲೆ ಎಷ್ಟು ಚೆನ್ನಾಗಿ ಅಡಗಿದರೂ ಸಿಕ್ಕಿಬೀಳುತ್ತಿದ್ದಳು. ಅವಳಿಗೆ ನಗು ತಡೆಯಲು ಬರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅದನ್ನೂ ಕಲಿತಿದ್ದಳು. ಸೋವಿದೇವ ಕಾಡಿಗೆಲ್ಲ ಕೇಳುವ ಹಾಗೆ ಕತೆ ಶುರುಮಾಡಿದ. "ಅಕ್ಕಾ, ಸೋದರಮಾವನ ಪಟ್ಟಾಭಿಷೇಕದ ದಿನ ಏನಾಯಿತು ಗೊತ್ತಾ? ನನ್ನನ್ನು ಸುಮ್ಮನೆ ನಿಲ್ಲು ಅಂದಿದ್ದರು. ನಾನು ಹಿಂದಕ್ಕೊಂದು ಹೆಜ್ಜೆ ಇಟ್ಟೆ. ಅಲ್ಲಿ ಆನೆಗೆ ಇಟ್ಟಿದ್ದ ಬೆಲ್ಲದ ಪಾನಕದ ಕೊಪ್ಪರಿಗೆ ಇತ್ತು. ನಾನು ಒಳಗೆ ಬಿದ್ದೆ. ಎದ್ದು ಬಂದವನನ್ನು ಆನೆ ನೆಕ್ಕಲು ಶುರುಮಾಡಿತು. ಪುರೋಹಿತರು ಮಂತ್ರ ನಿಲ್ಲಿಸುವ ಹಾಗಿಲ್ಲ, ಆನೆ ನೆಕ್ಕುವುದು ನಿಲ್ಲಿಸಲಿಲ್ಲ. ಮಾವ ಕಿರೀಟ ಹಾಕಿಕೊಂಡು ನನ್ನ ಕಡೆ ನೋಡಿದರು..."

ಪಕ್ಕದ ಹೊಂಗೆಯ ಮರೆಯಲ್ಲಿ ಕಿಸಕ್ಕೆಂದು ನಗು ಚಿಮ್ಮಿತು. ಸೋವಿದೇವ ತಿರುಗಿ, ನಗು ಬಂದ ಕಡೆಗೆ ಕೈ ಚಾಚಿ ಮುಟ್ಟಿದ. ಹಸಿರಿನ ಹರಿಯಲೆ ಹೊಟ್ಟೆ ಹಿಡಿದು ನಗುತ್ತಾ ಹೊರಬಂದಳು. "ಆ ದಿನ ನಾನು ತುಟಿ ಕಚ್ಚಿ ನಿಂತಿದ್ದೆ ಕಣೋ. ರಾಜಕುಮಾರಿ ನಗಬಾರದು ಅಂತ" ಎಂದಳು. ಹೆಬ್ಬಾವು ದಾರಿ ಬಿಟ್ಟಿತು.

ಕೆಂಪಿನ ಹರಿಯಲೆ ಬಹಳ ದೂರ ಹೋಗಿದ್ದಳು. ಕಾಡು ಮುಗಿಯಿತು, ಹೊಲ ಮುಗಿಯಿತು, ಹುಲ್ಲೂ ಮುಗಿಯಿತು. ಸುಟ್ಟ ಬಂಡೆಗಳ ಬೆಟ್ಟವೊಂದು ಎದುರಾಯಿತು. ಸೋವಿದೇವನಿಗೆ ಒಳಗೊಳಗೇ ಹೊತ್ತಿ ಉರಿಯುತ್ತಿತ್ತು. ಅರಮನೆಯಲ್ಲಿರುವ ಬೂದಿಯ ಅಕ್ಕ ಈಗ ಎಷ್ಟು ತೆಳುವಾಗಿದ್ದಾಳೋ, ಕಿಟಕಿ ಯಾರಾದರೂ ತೆರೆದಿಟ್ಟರೋ ಎಂದು ಅವನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡಿದ. ಆದರೂ ಎತ್ತನ್ನು ಅವಸರಪಡಿಸಲಿಲ್ಲ. ಎತ್ತಿಗೂ ವಯಸ್ಸಾಗಿದೆ ಎಂಬುದು ಅವನಿಗೆ ಈಗ ಕಂಡಿತ್ತು.

ಬೆಟ್ಟದ ತುದಿಯಲ್ಲಿ ಅವಳು ಕೂತಿದ್ದಳು. ಅವಳ ಕಾಲ ಬಳಿ ಒಂದು ಹೆಣ್ಣುಹುಲಿ ಬೆಕ್ಕಿನ ಹಾಗೆ ಮಲಗಿತ್ತು. ಅಕ್ಕ ಅಷ್ಟು ನೆಟ್ಟಗೆ ಕೂತದ್ದನ್ನು ಸೋವಿದೇವ ಎಂದೂ ನೋಡಿರಲಿಲ್ಲ.

"ಬಂದೆಯಾ?" ಎಂದಳು. "ನಾನು ಬರುವುದಿಲ್ಲ. ಇಲ್ಲಿ ಯಾರಿಗೂ ಹೆದರಿ ಮಾತು ನುಂಗಬೇಕಾಗಿಲ್ಲ."

"ನೀನು ಬಾರದಿದ್ದರೆ ಅಲ್ಲಿ ನೀನು ಸಾಯುತ್ತೀಯ ಅಕ್ಕಾ."

"ಅಂಗಳದಲ್ಲಿ ನಿಲ್ಲಿಸಿದಾಗ ಈ ಚಿಂತೆ ಎಲ್ಲಿತ್ತು? ಕಣ್ಣಿಟ್ಟವನು ನೀನು. ಬಣ್ಣ ಅಂದವನು ನೀನು."

"ಕಂಡದ್ದು ಹೇಳಿದೆ."

"ಕಂಡದ್ದು ಹೇಳಿದೆ. ಇಷ್ಟು ವರ್ಷ ನಿನ್ನ ಜೊತೆ ಬಾಳಿದ ಅಕ್ಕ ಎಂಥವಳು ಅಂತ ನಿನಗೆ ಗೊತ್ತಿತ್ತಲ್ಲ, ಅದನ್ನು ಯಾಕೆ ಹೇಳಲಿಲ್ಲ?"

ಹುಲಿ ತಲೆ ಎತ್ತಿ ಅವನನ್ನು ನೋಡಿತು. ಓಡಿಹೋಗಬೇಕೆಂದು ಸೋವಿದೇವನ ಕಾಲು ತಾನಾಗಿ ತಿರುಗಿತು. ಅವನು ಅದನ್ನು ಹಿಂದಕ್ಕೆ ತಿರುಗಿಸಿದ.

"ಬೇಗ ಮುಗಿದರೆ ಸಾಕಾಗಿತ್ತು ನನಗೆ" ಎಂದ. "ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು. ಅದಕ್ಕೇ ಯೋಚಿಸದೆ ಹೇಳಿದೆ. ಬೇರೆ ಕಾರಣ ಇಲ್ಲ ಅಕ್ಕಾ."

ಅವಳು ಎದ್ದು ನಿಂತಳು. "ನಾನು ಬಂದರೆ ಸುಮ್ಮನಿರುವವಳಲ್ಲ" ಎಂದಳು.

"ಸುಮ್ಮನಿರಬೇಡ."

"ನನ್ನ ಕೈ ಸುಡುತ್ತದೆ. ಕೋಟೆಯವರೆಗೆ ಬಿಡಬಾರದು."

"ಕೊಡು."

ಅವಳು ಕೈ ಕೊಟ್ಟಳು. ಕೆಂಡ ಹಿಡಿದ ಹಾಗಾಯಿತು. ಸೋವಿದೇವನ ಕಣ್ಣಲ್ಲಿ ನೀರು ಬಂತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವನು ಬಿಡಲಿಲ್ಲ. ನೇರಳೆಯ ಅಕ್ಕ ಆಗಾಗ ಇಳಿದು ಬಂದು ಅವನ ಮಣಿಕಟ್ಟಿನ ಮೇಲೆ ತನ್ನ ತಣ್ಣನೆಯ ಬೆರಳು ಇಡುತ್ತಿದ್ದಳು. ಹಸಿರಿನ ಅಕ್ಕ ಮುಂದೆ ಮುಂದೆ ಹಾಡುತ್ತಾ ನಡೆದಳು. ಹೀಗೆ ಅವರು ನೇಸರಗಡಿಗೆ ಬಂದರು.

ಬೀದಿಯಲ್ಲಿ ಜನ ಮಂಜಿನ ತುಣುಕುಗಳ ಹಾಗೆ ನಿಂತಿದ್ದರು. ಅರಮನೆಯವರು ಹರಿಯಲೆಯನ್ನು ಅಂಗಳದ ಕಂಬಕ್ಕೆ ಸೀರೆಯಿಂದ ಕಟ್ಟಿದ್ದರು, ಗಾಳಿಗೆ ಹಾರದಿರಲಿ ಎಂದು. ಅವಳ ಕಣ್ಣಿನ ಜಾಗ ಮಾತ್ರ ಗುರುತು ಸಿಗುತ್ತಿತ್ತು.

ಬುರುಜಿನ ಮೇಲಿದ್ದ ಕುಹನ ಅವರನ್ನು ಕಂಡ. ತಡಮಾಡದೆ ದುರ್ಬೀನನ್ನು ತಿರುಗಿಸಿ ಸೋವಿದೇವನನ್ನು ಗಾಜಿನ ಅಂಚಿಗೆ ಹಿಡಿದ. "ನೋಡಿ ಪ್ರಭು" ಎಂದು ಕೂಗಿದ. "ನಿಮ್ಮ ಮಗನೂ ಅವರ ಕಡೆಯವನೇ."

ಸೋವಿದೇವನ ಮೈ ಬಿಚ್ಚತೊಡಗಿತು. ಒಂದು ಕಾಲು ಪುಷ್ಕರಣಿಯ ಕಡೆಗೆ, ಇನ್ನೊಂದು ಕಾಡಿನ ಕಡೆಗೆ ಎಳೆಯಿತು. ಎದೆ ಎಲ್ಲೋ ದೂರಕ್ಕೆ ಹೊರಟಿತು. ಹುಟ್ಟಿದಂದಿನಿಂದ ಅವನಿಗೆ ಇದ್ದ ಚಡಪಡಿಕೆಯೆಲ್ಲ ಒಟ್ಟಿಗೆ ಎದ್ದು, ಹೋಗು ಹೋಗು ಎಂದಿತು. ಹೋಗಿಬಿಡುತ್ತಿದ್ದ. ಆದರೆ ಕೆಂಪಿನ ಅಕ್ಕ ಹಿಡಿದ ಕೈ ಬಿಗಿಮಾಡಿದಳು. ಆ ಉರಿ ಒಂದೇ ಅವನನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲಿಸಿತು.

"ಅಪ್ಪಾಜಿ" ಎಂದು ಅವನು ಮೇಲಕ್ಕೆ ಕೂಗಿದ. "ಒಂದು ಸಲ ನೀವೇ ಇಳಿದು ಬಂದು ಇಲ್ಲಿ ನಿಲ್ಲಿ. ನಿಮ್ಮ ಅಂಚಿನಲ್ಲಿ ಏನಿದೆ ಅಂತ ಕುಹನ ನೋಡಲಿ."

ಎರೆಯರಾಯ ಕುಹನನ ಮುಖ ನೋಡಿದ. ಆ ಮುಖದಲ್ಲಿ ಒಂದು ಕ್ಷಣ ಬಂದು ಹೋದದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಸ್ತು. ಭಯ. ದೊರೆ ಮೆಟ್ಟಿಲಿಳಿದು ಬಂದು ಮಗನ ಪಕ್ಕದಲ್ಲಿ ನಿಂತ. ಕೂಡಲೇ ಅವನ ಬಿಳಿಯ ಗಡ್ಡದ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೇರಳೆ ಮೂಡಿತು. ಅವನು ತನ್ನ ಕೈ ಎತ್ತಿ, ಬೆರಳ ತುದಿಯಿಂದ ಬಣ್ಣ ಬಿಚ್ಚುವುದನ್ನು ನೋಡಿದ. "ಅಯ್ಯೋ, ನಾನು ಎಷ್ಟು ಜನರನ್ನು..." ಎಂದ.

ಅಷ್ಟರಲ್ಲಿ ಬುರುಜಿನ ಮೇಲೆ ಜಕ್ಕವ್ವೆ ಕಾಣಿಸಿಕೊಂಡಳು. ಯಾರ ಗಮನಕ್ಕೂ ಬಾರದೆ ಹಿಂದಿನ ಮೆಟ್ಟಿಲು ಹತ್ತಿ ಬಂದಿದ್ದಳು. ಸೆರಗಿನಲ್ಲಿ ಗಾಜಿನ ಗಂಜಿ ಒರೆಸುತ್ತಿದ್ದಳು.

"ಅಕ್ಕಾ, ಬೇಡ" ಎಂದ ಕುಹನ.

"ಸರಿ ಆಚೆ" ಎಂದು ಜಕ್ಕವ್ವೆ ತಗ್ಗಿನ ಗಾಜನ್ನು ಉಬ್ಬಿನ ಗಾಜಿಗೆ ಒತ್ತಿ ಕೂಡಿಸಿದಳು.

ಎರಡು ಗಾಜೂ ಒಂದಕ್ಕೊಂದು ಕಚ್ಚಿಕೊಂಡವು. ಅಂಗಳದ ಬೆಳಕು ಒಮ್ಮೆ ನಡುಗಿ ನಿಂತಿತು. ಸೋವಿದೇವನ ಕೈಯಿಂದ ಉರಿ ಹೋಯಿತು. ಮೂವರು ಅಕ್ಕಂದಿರೂ ಕಂಬದ ಬಳಿಗೆ ನಡೆದು, ಒಬ್ಬರ ಮೇಲೊಬ್ಬರು ಬಂದು, ಒಬ್ಬಳೇ ಆದರು. ಹರಿಯಲೆ ಉಸಿರೆಳೆದುಕೊಂಡು ಕಣ್ಣು ಬಿಟ್ಟಳು. ದೊರೆಯ ಬಣ್ಣ ದೊರೆಗೆ, ಮಗನ ಬಣ್ಣ ಮಗನಿಗೆ ಮರಳಿತು. ಪುಷ್ಕರಣಿಯ ಕಡೆಯಿಂದ, ಕಾಡಿನ ಕಡೆಯಿಂದ, ಸುಟ್ಟ ಬೆಟ್ಟದ ಕಡೆಯಿಂದ ಊರವರ ಬಣ್ಣಗಳು ಸಂಜೆಯ ಹಕ್ಕಿಗಳ ಹಾಗೆ ಹಿಂಡು ಹಿಂಡಾಗಿ ಬಂದವು. ಊರಲ್ಲಿ ಒಮ್ಮೆಲೇ ಗಲಾಟೆ ಎದ್ದಿತು. ಅಳುವವರು ಅತ್ತರು, ನಗುವವರು ನಕ್ಕರು, ಬೈಯುವವರು ಬಾಯಿ ತುಂಬ ಬೈದರು.

ಕುಹನನ ಮೈಯಿಂದ ಮಾತ್ರ ಬಣ್ಣ ಸುಣ್ಣದ ಹಾಗೆ ಉದುರಿತು. ಒಳಗೆ ಇದ್ದದ್ದು ಬೂದಿ. ಗಾಜು ಕದ್ದ ದಿನ ಮೊದಲು ಅದರ ಮುಂದೆ ನಿಂತವನು ಅವನೇ. ಆಮೇಲೆ ಮಾಯೆಯ ಬಣ್ಣ ಬಳಿದುಕೊಂಡು ತಿರುಗಿದ್ದ. ತನ್ನಂತೆಯೇ ಎಲ್ಲರೂ ಆಗಲಿ ಎಂಬುದು ಅವನ ಆಸೆಯಾಗಿತ್ತು.

ಭಟರು ಕತ್ತಿ ಹಿಡಿದು ಮೇಲೆ ಓಡಿದರು. ಜಕ್ಕವ್ವೆ ಅಡ್ಡ ನಿಂತಳು. "ಇವನಿಂದ ಇನ್ನು ಯಾರಿಗೂ ಕೇಡಿಲ್ಲ. ಇವನ ಬಣ್ಣಗಳು ತಾವಾಗಿ ಬರಲಾರದಷ್ಟು ದೂರ ಎಲ್ಲಿ ಬಿದ್ದಿವೆಯೋ, ನಾನು ಹುಡುಕುತ್ತೇನೆ" ಎಂದಳು. ತಮ್ಮನ ಕೈ ಹಿಡಿದು, "ಮನೆಗೆ ಹೋಗೋಣ ಬಾ" ಎಂದಳು. "ಆಗಲಿ" ಎಂದ ಕುಹನ. ಎತ್ತು ಅವರಿಬ್ಬರನ್ನೂ ಬೆನ್ನ ಮೇಲೆ ಹೊತ್ತು ತನ್ನದೇ ನಡಿಗೆಯಲ್ಲಿ ಹೊರಟಿತು.

ಎರೆಯರಾಯ ಬುರುಜು ಹತ್ತಿ ಜೋಡಿ ಗಾಜಿನಲ್ಲಿ ಗುಡ್ಡವನ್ನು ನೋಡಿದ. ಅಲ್ಲಿ ಬಾವುಟ ಇರಲಿಲ್ಲ. ನೆತ್ತಿಯ ಉದ್ದಕ್ಕೂ ಈಚಲು ಮರಗಳಿದ್ದವು, ಕೆಳಗೆ ಕುರಿಗಳು ಮೇಯುತ್ತಿದ್ದವು. ಅವನು ಕಿರೀಟ ತೆಗೆದು ಹರಿಯಲೆಯ ಮುಂದೆ ಇಟ್ಟ. "ನನ್ನನ್ನು ಕ್ಷಮಿಸು ಮಗಳೇ" ಎಂದ.

ಹರಿಯಲೆ ಕಿರೀಟ ಎತ್ತಿಕೊಂಡಳು. "ರಾಜ್ಯ ನಾನು ನೋಡಿಕೊಳ್ಳುತ್ತೇನೆ ಅಪ್ಪಾಜಿ. ಕ್ಷಮಿಸುವುದು ಇವತ್ತು ಆಗುವುದಿಲ್ಲ. ನಾಳೆ ಕೇಳಿ" ಎಂದಳು.

ಮುದಿ ದೊರೆ ಮಾರನೆಯ ಬೆಳಗ್ಗೆ ಅವಳ ಮಹಡಿ ಹತ್ತಿ ಬಂದು ಕೇಳಿದ. "ಇವತ್ತೂ ಆಗುವುದಿಲ್ಲ" ಎಂದಳು. ಅದರ ಮರುದಿನವೂ ಬಂದ. ಮಳೆ ಬಂದು ಹೋಯಿತು, ಚಳಿ ಬಂದು ಹೋಯಿತು. ಅವನು ದಿನವೂ ಬಂದ, ಅವಳು ದಿನವೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸೋವಿದೇವ ಇಬ್ಬರ ನಡುವೆ ಮಾತಾಡಲು ಹೋಗಲಿಲ್ಲ. ಅಕ್ಕನ ಪಕ್ಕದಲ್ಲಿ ಕೂತಿರುತ್ತಿದ್ದ. ಕಾಲು ಅಲ್ಲಾಡಿಸುತ್ತಿದ್ದ ನಿಜ, ಆದರೆ ಎದ್ದು ಹೋಗುತ್ತಿರಲಿಲ್ಲ.

ಒಂದು ಬೆಳಗ್ಗೆ ಎರೆಯರಾಯ ಬರಲಿಲ್ಲ. ಹರಿಯಲೆ ಮೆಟ್ಟಿಲ ಕಡೆ ನೋಡಿದಳು, ಕಾದಳು. ಆಮೇಲೆ ತಾನೇ ಇಳಿದು ತಂದೆಯ ಕೋಣೆಗೆ ಹೋದಳು. ಅವನು ಮಂಚದ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

"ಇವತ್ತು ಕೇಳಲು ಬರಲಿಲ್ಲವಲ್ಲ?"

"ಕಾಲು ನೋವು ಮಗಳೇ. ಮೆಟ್ಟಿಲು ಹತ್ತಲಾಗಲಿಲ್ಲ. ಸಂಜೆ ಬರುತ್ತೇನೆ."

ಹರಿಯಲೆ ಅವನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಕೆಳಗೆ ಕೂತಳು. "ಬರುವುದು ಬೇಡ" ಎಂದಳು. "ಕಾಲು ಚಾಚಿ."

ಅಲ್ಲಿಂದ ಮುಂದೆ ನೇಸರಗಡಿಯ ಜನ ಅಳು ಬಂದಾಗ ಅತ್ತು, ನಗು ಬಂದಾಗ ನಕ್ಕು, ಸಿಟ್ಟು ಬಂದಾಗ ಜಗಳಾಡಿ, ಉಣ್ಣುವಾಗ ಒಟ್ಟಿಗೆ ಕೂತು ಉಂಡು ತುಂಬು ಕಾಲ ಬಾಳಿದರು. ಹರಿಯಲೆ ರಾಣಿಯಾಗಿ ಆಳಿದಳು, ಎರೆಯರಾಯ ಮೊಮ್ಮಕ್ಕಳನ್ನು ಎತ್ತಿ ಆಡಿಸಿದ, ಸೋವಿದೇವ ಆ ಮಕ್ಕಳಿಗೆ ಆನೆ ನೆಕ್ಕಿದ ಕತೆಯನ್ನು ಕೂತೇ ಹೇಳಿ ಮುಗಿಸಿದ. ಅವರು ಸುಖವಾಗಿದ್ದ ಹಾಗೆ ಕೇಳಿದವರೂ ಸುಖವಾಗಿರಲಿ.